ನಿಮ್ಮ ಗಡಿ ಊರಿನ ಇತಿಹಾಸ ಬರೆಯೋದು ಹೇಗೆ? ಸದಾಶಿವಗಡದಿಂದ ಶುರು ಮಾಡೋಣ

ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸದಾಶಿವಗಡ. ಹೆದ್ದಾರಿಯಲ್ಲಿ ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ಮಾಜಾಳಿ, ಚೆಕ್‌ಪೋಸ್ಟ್, ಆಮೇಲೆ ಗೋವಾದ ಪೊಳೆಂ. ಹೆಚ್ಚಿನವರು ಈ ಊರುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಬಂತು. ಇಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದರೂ "ನಮ್ಮೂರಲ್ಲಿ ಬರೆಯೋಕೆ ಏನಿದೆ" ಅಂತಾರೆ. ಬೇಕಾದಷ್ಟಿದೆ. ಶಾಲೆಯ ಸ್ಮರಣ ಸಂಚಿಕೆಗೋ, ದೇವಸ್ಥಾನದ ಪುಸ್ತಕಕ್ಕೋ, ಸುಮ್ನೆ ಮನೆ ಮಕ್ಕಳು ಓದಲಿ ಅಂತಲೋ ಊರಿನ ಕಥೆ ಬರೆಯಬೇಕು ಅಂದುಕೊಂಡವರಿಗೆ ಇದು. ಉದಾಹರಣೆಗಳೆಲ್ಲ ಕಾಳಿ ದಂಡೆಯವು. ಕೆಲಸದ ರೀತಿ ಮಾತ್ರ ಯಾವ ಗಡಿ ಊರಿಗೂ ಆಗುತ್ತದೆ.

ಮೊದಲನೇ ಮಾತು. ರಾಜರ ಪಟ್ಟಿ ಹಿಡಿದು ಕೂರಬೇಡಿ, ಗಡಿ ಗೆರೆಯಿಂದ ಶುರು ಮಾಡಿ. ನಮ್ಮಲ್ಲಿ ಜನ ಇದ್ದಲ್ಲೇ ಇದ್ದರು, ಗೆರೆ ಮಾತ್ರ ಜಾಗ ಬದಲಿಸುತ್ತಾ ಹೋಯಿತು. ಅದು ಯಾವಾಗ ಎಲ್ಲಿತ್ತು ಅನ್ನೋದು ಗೊತ್ತಾದರೆ ಕೋಟೆ, ದೇವಸ್ಥಾನ, ಭಾಷೆ, ಮದುವೆ ಸಂಬಂಧ, ಕಳ್ಳಸಾಗಣೆ ಎಲ್ಲಕ್ಕೂ ಅರ್ಥ ಬರುತ್ತದೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಇಸವಿ, ಬಲಗಡೆ ಆಗ ಗಡಿ ಎಲ್ಲಿತ್ತು ಅಂತ ಬರೆಯುತ್ತಾ ಹೋಗಿ. ನಮ್ಮೂರಿನದು ಹೀಗೆ ಬರುತ್ತದೆ. 16ನೇ ಶತಮಾನದ ಶುರುವಿನಲ್ಲಿ ಕಾಳಿ ನದಿಯೇ ಗಡಿ. ಉತ್ತರ ದಂಡೆಯ ಚಿತ್ತಾಕುಲ, ಅಂದರೆ ಈಗಿನ ಸದಾಶಿವಗಡದ ಜಾಗ, ಬಿಜಾಪುರದ ಕಡೆ. ನದಿಯಿಂದ ದಕ್ಷಿಣಕ್ಕೆ ವಿಜಯನಗರ. ಅದೇ ಹೊತ್ತಿಗೆ, 1505ರಲ್ಲಿ, ಪೋರ್ಚುಗೀಸರು ಅಂಜುದೀವ್ ದ್ವೀಪದಲ್ಲಿ ಕೋಟೆ ಕಟ್ಟಿದರು. ಆ ದ್ವೀಪ ಕಾರವಾರದ ಕಣ್ಣೆದುರಿಗೇ ಇದೆ. ಆದರೂ ಇವತ್ತಿಗೂ ಕಾಗದದಲ್ಲಿ ಅದು ಗೋವಾದ ಕಾಣಕೋಣ ತಾಲೂಕಿನದು. ಆಮೇಲೆ ಶಿರಸಿ ಹತ್ತಿರದ ಸೋದೆಯ ಅರಸರು ಬಂದರು. ಸದಾಶಿವಗಡದ ಕೋಟೆಯನ್ನು ಕಟ್ಟಿಸಿದ್ದು ಸೋದೆಯ ಬಸವಲಿಂಗ ನಾಯಕ, ತಂದೆ ಸದಾಶಿವ ನಾಯಕನ ಹೆಸರಿನಲ್ಲಿ. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು, ಸ್ವಲ್ಪ ಕಾಲದಲ್ಲೇ ಅದು ಮತ್ತೆ ಸೋದೆಗೆ ಬಂತು.

ಈಗ ಬಹಳ ಮುಖ್ಯವಾದ ಇಸವಿ, 1763. ಹೈದರಾಲಿಯ ಸೈನ್ಯ ಸೋದೆಯ ಮೇಲೆ ಬಂತು. ಅರಸ ತಪ್ಪಿಸಿಕೊಂಡು ಗೋವಾಕ್ಕೆ ಹೋಗಿ ಬಾಂದಿವಡೆಯಲ್ಲಿ ನೆಲೆ ನಿಂತ. ಸೋದೆ ರಾಜ್ಯದ ಉತ್ತರದ ತುಂಡು, ಕಾಣಕೋಣವೂ ಸೇರಿ, ಪೋರ್ಚುಗೀಸರ ಕೈಗೆ ಹೋಯಿತು. ದಕ್ಷಿಣದ್ದು ಮೈಸೂರಿಗೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರಿಗೆ. ಮಾಜಾಳಿಯಲ್ಲಿ ಇವತ್ತು ನಾವು ನೋಡುವ ಗೆರೆ ಹುಟ್ಟಿದ್ದು ಹಾಗೆ. ಭಾಷೆ ನೋಡಿ ಎಳೆದದ್ದಲ್ಲ, ಗುಡ್ಡ ಹೊಳೆ ನೋಡಿ ಎಳೆದದ್ದೂ ಅಲ್ಲ, ಒಬ್ಬ ಅರಸನ ಸೀಮೆ ಎರಡು ತುಂಡಾದಾಗ ಉಳಿದ ಗಾಯ ಅದು. ಅದಕ್ಕೆ ಮುಂಚೆ ಈಗ ಗೋವಾದಲ್ಲಿರುವ ಲೋಲಿಯೆಂನವರೂ ಇತ್ತ ಮಾಜಾಳಿಯವರೂ ಕಂದಾಯ ಕಟ್ಟಿದ್ದು ಒಂದೇ ಸೋದೆಗೆ. ಇಷ್ಟು ತಿಳಿದುಕೊಂಡರೆ ಎರಡೂ ಕಡೆಯವರ ದೇವರು, ಮಾತು, ನೆಂಟಸ್ತನ ಯಾಕೆ ಇಷ್ಟು ಹೆಣೆದುಕೊಂಡಿವೆ ಅಂತ ಬೇರೆ ವಿವರಿಸಬೇಕಾಗಿಲ್ಲ.

ಹಾಳೆಯಲ್ಲಿ ಮುಂದಿನದ್ದು ಬೇಗ ಬೇಗ ಬರುತ್ತದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1947ರಲ್ಲಿ ಭಾರತಕ್ಕೆ ಸ್ವಾತಂತ್ರ್ಯ ಬಂತು, ಮಾಜಾಳಿಯ ಆಚೆ ಬರಲಿಲ್ಲ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆ. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ. 1987ರ ಮೇ 30ಕ್ಕೆ ಗೋವಾ ಪೂರ್ತಿ ರಾಜ್ಯವಾಯಿತು. ಅಂದರೆ 1940ರಲ್ಲಿ ಸದಾಶಿವಗಡದಲ್ಲಿ ಹುಟ್ಟಿದ ಒಬ್ಬ ಅಜ್ಜಿ ಮನೆಯಿಂದ ಕದಲದೇ ಮುಂಬಯಿ, ಮೈಸೂರು, ಕರ್ನಾಟಕ ಮೂರೂ ಕಡೆಯವರಾಗಿದ್ದಾರೆ, ಜೊತೆಗೆ ಹರೆಯದ ದಿನಗಳಲ್ಲಿ ಪರದೇಶದ ಗಡಿ ಪಕ್ಕದಲ್ಲೇ ಬಾಳಿದ್ದಾರೆ.

ಆ ಅಜ್ಜಿಯ ಪೆಟ್ಟಿಗೆ ನಿಮ್ಮ ಎರಡನೇ ಕೆಲಸ. ಹಳೆ ಮನೆಗಳಲ್ಲಿ ಒಂದು ಕಬ್ಬಿಣದ ಟ್ರಂಕ್ ಇರುತ್ತದೆ, ಮಂಚದ ಕೆಳಗೋ ಅಟ್ಟದ ಮೇಲೋ. ತೆರೆದರೆ ಮೇಲುಗಡೆ ಕೈಬರಹದ ಪಹಣಿ, ಅದರ ಕೆಳಗೆ ಮೈಸೂರು ಕಾಲದ ಶಾಲೆ ಸರ್ಟಿಫಿಕೇಟು, ಇನ್ನೂ ಕೆಳಗೆ ಮುಂಬಯಿ ಸರ್ಕಾರದ ಮುದ್ರೆ ಇರುವ ಸ್ಟ್ಯಾಂಪ್ ಪೇಪರಿನ ಖರೀದಿ ಪತ್ರ. ತಳದಲ್ಲಿ ಒಮ್ಮೊಮ್ಮೆ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿಯನ್ನು ಬೇಗ ಬೇಗ ಬರೆಯಲು ಬಳಸುತ್ತಿದ್ದ ಲಿಪಿಯ, ಲೆಕ್ಕದ ಕಾಗದ, ಅಂಚು ಹುಳ ತಿಂದದ್ದು. ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ "ಓದಲಿಕ್ಕೆ ಬರೋದಿಲ್ಲ" ಅಂತ ಒಲೆಗೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಕಲು ಬಿಡಬೇಡಿ. ಕಾಗದವನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ಅದು ಅವರ ಆಸ್ತಿ. ಅಲ್ಲೇ ಜಗಲಿ ಮೇಲೆ ಬಿಳಿ ಬಟ್ಟೆ ಹಾಸಿ, ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಎರಡೂ ಬದಿಯ ಫೋಟೋ ತೆಗೆಯಿರಿ. ಮಡಿಕೆಯನ್ನು ಒತ್ತಿ ಬಿಡಿಸಬೇಡಿ, ಹರಿಯುತ್ತದೆ. ಯಾವ ಮನೆ, ಯಾರು ತೋರಿಸಿದರು, ಯಾವ ತಾರೀಕು ಅನ್ನೋದನ್ನು ಆಗಲೇ ಬರೆದಿಡಿ. ಮೋಡಿ ಬಲ್ಲವರು ಈಗ ಕಡಿಮೆ, ಆದರೂ ಫೋಟೋ ಚೆನ್ನಾಗಿದ್ದರೆ ದೂರದಲ್ಲಿದ್ದವರೂ ಓದಿ ಹೇಳಬಹುದು. ಜಮೀನಿನ ವ್ಯಾಜ್ಯ ನಡೆಯುತ್ತಿರುವ ಮನೆಯಾದರೆ ಆ ಕಾಗದ ಮುಟ್ಟದಿರುವುದು ಒಳ್ಳೆಯದು. ನೀವು ಯಾವುದೋ ಪಕ್ಷ ವಹಿಸಿ ಬಂದಿದ್ದೀರಿ ಅಂತ ಅಂದುಕೊಳ್ಳುತ್ತಾರೆ.

ಆಮೇಲೆ ಪುಸ್ತಕ. ಮುಂಬಯಿ ಸರ್ಕಾರ 1883ರಲ್ಲಿ ತಂದ ಕೆನರಾ ಗ್ಯಾಝೆಟಿಯರ್, ಅಂದರೆ ನಮ್ಮ ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ, ಎರಡು ಭಾಗ ಇದೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಬಿಟ್ಟು ನಮ್ಮ ಜಿಲ್ಲೆಯ ಊರಿನ ಬಗ್ಗೆ ಬರೆಯಲಿಕ್ಕಾಗುವುದಿಲ್ಲ. ಹುಡುಕುವಾಗ ಒಂದು ಉಪಾಯ ಮಾಡಿ. ಈಗಿನ ಸ್ಪೆಲ್ಲಿಂಗ್ ಹಾಕಿದರೆ ಅರ್ಧ ಸಿಗೋದೇ ಇಲ್ಲ. ಇಂಗ್ಲಿಷರು ಕಾರವಾರವನ್ನು 'ಸಿ' ಅಕ್ಷರದಿಂದ ಬರೆದರು, ಸದಾಶಿವಗಡವನ್ನು 'ಸೆದಾಶೆಗುರ್' ಅಂದರು, ಪೋರ್ಚುಗೀಸರ ಬಾಯಲ್ಲಿ ಚಿತ್ತಾಕುಲ 'ಸಿಂತಾಕೋರಾ' ಆಯಿತು. ಈ ಹಳೆ ರೂಪಗಳನ್ನೆಲ್ಲ ಹಾಕಿ ನೋಡಿ.

ಹಾಗೆ ಹುಡುಕಿದಾಗಲೇ ಹತ್ತಿಯ ಕಥೆ ಸಿಗುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರೋದು ನಿಂತಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ನಮ್ಮ ಬಂದರಿನಿಂದ ಹಡಗು ಹತ್ತಿಸೋಣ ಅಂತ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಲೆಕ್ಕ ಹಾಕಿದರು. ಆ ಕೆಲವು ವರ್ಷ 'ಸೆದಾಶೆಗುರ್' ಅನ್ನೋ ಹೆಸರು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಓಡಾಡಿತು. ಯುದ್ಧ ಮುಗಿಯಿತು, ಹುರುಪು ಇಳಿಯಿತು. 1880ರ ದಶಕದ ಕೊನೆಗೆ ರೈಲು ಘಟ್ಟ ಇಳಿದದ್ದು ಗೋವಾದ ಮುರ್ಮುಗಾಂವ್‌ಗೆ. ಬಯಲುಸೀಮೆಯ ಮಾಲು ಗಡಿಯಾಚೆಯ ಬಂದರಿಗೆ ತಿರುಗಿತು. ಕಾರವಾರಕ್ಕೆ ರೈಲು ಬರಲು ಕೊಂಕಣ ರೈಲ್ವೆ ಆಗಬೇಕಾಯಿತು, 1990ರ ದಶಕದಲ್ಲಿ. ಕೋಟೆ ಗೆದ್ದವರು ಸೋತವರ ಕಥೆಗಿಂತ ಈ ರೈಲಿನ ಕಥೆಯೇ ನಮ್ಮ ಊರುಗಳು ಯಾಕೆ ಸಣ್ಣವಾಗಿ ಉಳಿದವು ಅಂತ ಜಾಸ್ತಿ ಹೇಳುತ್ತದೆ ಅಂತ ನನಗನ್ನಿಸುತ್ತದೆ.

ಗ್ಯಾಝೆಟಿಯರ್ ಓದುವಾಗ ಅದು ಬರೆದದ್ದು ಯಾರಿಗಾಗಿ ಅನ್ನೋದು ನೆನಪಿರಲಿ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾಳಿ ದಂಡೆಯ ಕಡವಾಡದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದರು. ಇಲ್ಲಿಂದ ಮೆಣಸು ಹೋಗುತ್ತಿತ್ತು, ಹುಬ್ಬಳ್ಳಿ ಸೀಮೆಯಲ್ಲಿ ನೇಯ್ದ ತೆಳು ಮಲ್‌ಮಲ್ ಬಟ್ಟೆ ಹೋಗುತ್ತಿತ್ತು. 1665ರಲ್ಲಿ ಶಿವಾಜಿ ಬಂದಾಗ ಕೋಠಿಯವರು 112 ಪೌಂಡ್ ಕೊಟ್ಟರು ಅಂತ ಲೆಕ್ಕ ಇದೆ. ಈ ಲೆಕ್ಕವೆಲ್ಲ ಸಿಗುತ್ತದೆ, ಮೂಟೆ ಹೊತ್ತವರ ಹೆಸರು ಒಂದೂ ಸಿಗುವುದಿಲ್ಲ. ಆದರೆ ಒಂದೊಂದು ಸಾಲಿನಲ್ಲಿ ಊರಿನವರು ಇಣುಕುತ್ತಾರೆ. 1684ರಲ್ಲಿ ಒಂದು ಸಣ್ಣ ಹಡಗಿನ ನಾವಿಕರು ಆಕಳು ಕದ್ದು ಕೊಂದರು. ಆ ಒಂದು ಕಾರಣಕ್ಕೆ ಇಂಗ್ಲಿಷರು ಕಾರವಾರ ಬಿಟ್ಟು ಓಡಬೇಕಾದ ಹೊತ್ತು ಬಂದಿತ್ತು. ಅಷ್ಟು ದೊಡ್ಡ ವ್ಯಾಪಾರ, ಆದರೂ ಊರು ಸಿಟ್ಟಾದರೆ ಉಳಿಗಾಲವಿಲ್ಲ ಅನ್ನೋ ಪರಿಸ್ಥಿತಿ. ಇಂಥ ಸಾಲು ಸಿಕ್ಕಲ್ಲೆಲ್ಲ ಗುರುತು ಹಾಕಿಕೊಳ್ಳಿ.

ಯಾರು ಕಟ್ಟಿದ್ದು ಅನ್ನೋ ಪ್ರಶ್ನೆಯಲ್ಲಿ ಹುಷಾರು. ನಮ್ಮ ಕಡೆ ಹಳೆ ಗೋಡೆ ಕಂಡರೆ "ಶಿವಾಜಿ ಕೋಟೆ" ಅಂದುಬಿಡುತ್ತಾರೆ. ರವೀಂದ್ರನಾಥ ಠಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ಠಾಗೋರರು ಇಲ್ಲಿಗೆ ಬಂದಿದ್ದಾಗ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯೊಳಗೆ ಹೋಗಿ ಒಂದು ಕೋಟೆಯ ಹತ್ತಿರ ಇಳಿದರು. ಅವರೂ ಬರೆದದ್ದು ಶಿವಾಜಿಯ ಕೋಟೆ ಅಂತಲೇ, ಊರಿನ ಹೆಸರು ಹೇಳಿಲ್ಲ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಸದಾಶಿವಗಡದ ಕೋಟೆಯನ್ನು ಸೋದೆಯವರು ಕಟ್ಟಿಸಿದ್ದು ಅದಾದ ಮೇಲೆ. ಹಾಗಂತ ಜನರ ಮಾತನ್ನು ಹೊಡೆದುಹಾಕಬೇಡಿ. "ಊರಿನಲ್ಲಿ ಹೀಗೆ ಹೇಳುತ್ತಾರೆ" ಅಂತ ಒಂದು ವಾಕ್ಯ, "ದಾಖಲೆ ಹೀಗಿದೆ" ಅಂತ ಇನ್ನೊಂದು ವಾಕ್ಯ. ಎರಡನ್ನೂ ಕಲಸದೆ ಬೇರೆ ಬೇರೆ ಇಡಿ.

ಇನ್ನು ಜನರನ್ನು ಕೇಳುವ ಕೆಲಸ. ಬಹಳ ಮಂದಿ ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಹಿರಿಯರ ಮುಂದೆ ಮೊಬೈಲ್ ಹಿಡಿದು "ಅಜ್ಜಾ, ಊರಿನ ಇತಿಹಾಸ ಹೇಳಿ" ಅಂದರೆ ಅವರು ಶಾಲೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ಇತಿಹಾಸ ಅನ್ನೋ ಮಾತನ್ನೇ ಎತ್ತಬೇಡಿ. ಹೀಗೆ ಕೇಳಿ. ಸೇತುವೆ ಇಲ್ಲದಾಗ ರಾತ್ರಿ ಹೆರಿಗೆ ನೋವು ಬಂದರೆ ಹೊಳೆ ಹೇಗೆ ದಾಟಿಸುತ್ತಿದ್ದಿರಿ? ಮಳೆಗಾಲದಲ್ಲಿ ಲಾಂಚ್ ನಿಂತರೆ ಕೋರ್ಟು ಕಚೇರಿ ಕೆಲಸಕ್ಕೆ ಏನು ಮಾಡುತ್ತಿದ್ದಿರಿ? ನಿಮ್ಮ ಅತ್ತೆಯ ತವರು ಯಾವುದು? ಗೋವಾದಲ್ಲಿ ಪೋರ್ಚುಗೀಸರಿದ್ದಾಗ ಆ ಕಡೆ ಕೊಟ್ಟ ಹೆಣ್ಣುಮಕ್ಕಳು ಬಾಣಂತನಕ್ಕೆ ಬರುತ್ತಿದ್ದರಾ? ಕುಲದೇವರು ಗೋವಾದಲ್ಲಿದ್ದವರು ಗಡಿ ಬಿಗಿಯಾದಾಗ ಹರಕೆ ಎಲ್ಲಿ ತೀರಿಸಿದಿರಿ?

ಕೊನೆಯ ಪ್ರಶ್ನೆ ಕೇಳಿದರೆ ಅರ್ಧ ದಿನ ಅಲ್ಲೇ ಕೂರಬೇಕಾಗುತ್ತದೆ, ಕೂರಿ. 1955ರ ಆಗಸ್ಟ್ 15ರಂದು ಗೋವಾ ಬಿಡುಗಡೆಗೆ ಅಂತ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಗಡಿ ಬಿಗಿಯಾಯಿತು. ಕರಾವಳಿಯ ಎಷ್ಟೋ ಮನೆತನಗಳ ಕುಲದೇವರು ಆ ಕಡೆಯೇ ಇದ್ದದ್ದು. ದೇವರೇ ಗಡಿ ದಾಟಿ ಬಂದ ಕಥೆಯೂ ಇದೆ. ಅಂಕೋಲೆಯ ಆರ್ಯಾದುರ್ಗೆ ಮೊದಲು ಅಂಜುದೀವ್‌ನಲ್ಲಿದ್ದಳು, ಪೋರ್ಚುಗೀಸರು ಬಂದ ಮೇಲೆ ಇತ್ತ ಬಂದಳು ಅಂತ ಭಕ್ತರು ನಂಬಿದ್ದಾರೆ.

ಅಂಜುದೀವ್ ಅಂದರೆ 1961ರ ನೆನಪಿರುವ ಮೀನುಗಾರ ಕೇರಿಗಳಲ್ಲಿ ಬೇರೆಯೇ ಕಥೆ. ಆ ನವೆಂಬರ್‌ನಲ್ಲಿ ದ್ವೀಪದಿಂದ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು, ಒಬ್ಬ ಮೀನುಗಾರನೂ ಸತ್ತ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿದಾಗ ಏಳು ನಾವಿಕರು ಪ್ರಾಣ ಕೊಟ್ಟರು. ಆ ಗುಂಡಿನ ಸದ್ದು ಕೇಳಿದವರಿಗೆ ಈಗ ಎಂಬತ್ತರ ಆಸುಪಾಸು. ಈ ಕೆಲಸಕ್ಕೆ ಮುಂದಿನ ವರ್ಷ ಅಂತ ಇಟ್ಟುಕೊಳ್ಳಬೇಡಿ.

ಗಂಡಸರನ್ನು ಮಾತ್ರ ಕೇಳಿ ಬರಬೇಡಿ. ಮಾಸ್ತರು, ಅಕ್ಕೋರು, ದೇವರ ಪೂಜೆ ಮಾಡುವ ಗುನಗರು, ಕೇರಿಯ ಮುಖಂಡರಾದ ಬುಧವಂತರು ಎಲ್ಲರನ್ನೂ ಕೇಳಿ ಸರಿ, ಆದರೆ ಗಡಿಯನ್ನು ದಿನಾ ದಾಟಿದವರು ಹೆಂಗಸರು. ಮೀನು ಪೇಟೆಗೆ ಬೆಳಿಗ್ಗೆ ಹೋಗಿ ಒಂದು ಕಡೆ ನಿಂತುಕೊಳ್ಳಿ. ಬಂಗಡೆ ಗುಡ್ಡೆ ಹಾಕಿ ಕೂತ ಹೆಂಗಸು ಪಕ್ಕದವಳ ಹತ್ತಿರ ಕೊಂಕಣಿಯಲ್ಲಿ ಜಗಳ ಆಡುತ್ತಿರುತ್ತಾಳೆ, ಘಟ್ಟದ ಮೇಲಿನ ಗಿರಾಕಿಗೆ ಕನ್ನಡದಲ್ಲಿ ರೇಟು ಹೇಳುತ್ತಾಳೆ, ಮುಂಬಯಿಯಿಂದ ರಜೆಗೆ ಬಂದವರಿಗೆ ಮರಾಠಿ, ಮತ್ತೆ ಚಿಲ್ಲರೆ ಎಣಿಸುವಾಗ ತುಟಿಯಲ್ಲೇ ಕೊಂಕಣಿ. ಕೈ ಮಾತ್ರ ನಿಲ್ಲುವುದಿಲ್ಲ, ಒಣಗಿದ ಮೀನಿನ ಮೇಲೆ ನೀರು ಚಿಮುಕಿಸುತ್ತಲೇ ಇರುತ್ತದೆ. ಅವಳ ವ್ಯಾಪಾರ ಮುಗಿಯೋ ತನಕ ಕಾಯಿರಿ. ಮೊದಲು ಮೀನು ಕೊಳ್ಳಿ, ಆಮೇಲೆ ಮಾತು. ಕಾಳಿಯಲ್ಲಿ ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿನಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುವ ಹೆಂಗಸರಿಗೆ ನದಿಯ ತಳ ಎಲ್ಲಿ ಬದಲಾಗಿದೆ, ಮರಳು ಎಲ್ಲಿ ಕೂತಿದೆ ಅನ್ನೋದು ಯಾವ ನಕ್ಷೆಗಿಂತ ಚೆನ್ನಾಗಿ ಗೊತ್ತು.

ಕಾಲ್ನಡಿಗೆ ತಪ್ಪಿಸಬೇಡಿ. ಕೋಡಿಬಾಗದ ದಂಡೆಯಲ್ಲಿ ನಿಂತು ಆಚೆ ದಡ ನೋಡಿ, ದಾಟಲಿಕ್ಕೆ ಎಷ್ಟು ಅಗಲ ಅಂತ ಕಣ್ಣಿಗೆ ಬರಲಿ. ಸದಾಶಿವಗಡದ ಗುಡ್ಡವನ್ನು ಹೆದ್ದಾರಿ ಸೀಳಿಕೊಂಡು ಹೋಗಿದೆ, ಕೋಟೆಯಲ್ಲಿ ಉಳಿದದ್ದು ಸ್ವಲ್ಪ. ಗುಡ್ಡದ ಸುತ್ತಮುತ್ತ ದುರ್ಗಾದೇವಿಯ ದೇವಸ್ಥಾನ ಇದೆ, ದರ್ಗಾ ಇದೆ, ಎರಡಕ್ಕೂ ಹೋಗಿ ಬನ್ನಿ. ಮಾಜಾಳಿಯ ಆಚೆ ತಿಳ್ಮಾತಿ ಕಡಲತೀರದ ತನಕ ಗುಡ್ಡ ಹತ್ತಿ ಇಳಿದು ಹೋದರೆ ಕಪ್ಪು ಮರಳು, ಅದರಾಚೆ ಪೊಳೆಂ. ಗೆರೆ ನೆಲದ ಮೇಲೆ ಎಲ್ಲೂ ಕಾಣುವುದಿಲ್ಲ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ದೋಣಿ ಸಿಂಗರಿಸಿ ಹೋಗುತ್ತಾರೆ. ಅದಕ್ಕೆ ಹೋಗಿ, ಮೀನುಗಾರ ಮನೆತನಗಳ ಪರಿಚಯ ಒಂದೇ ದಿನದಲ್ಲಿ ಆಗುತ್ತದೆ.

ಭಾಷೆಯ ಜಗಳವನ್ನು ಬಿಟ್ಟು ಬರೆಯಲಿಕ್ಕೆ ಆಗುವುದಿಲ್ಲ, ಬಿಡಲೂಬಾರದು. ಕಾರವಾರ ತನಗೆ ಸೇರಬೇಕು ಅಂತ ಮಹಾರಾಷ್ಟ್ರ ಕೇಳಿತ್ತು, 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಬಂತು, ಕಾರವಾರ ಇಲ್ಲೇ ಉಳಿಯಿತು. ತಾರೀಕು, ತೀರ್ಮಾನ ಇಷ್ಟನ್ನು ನೇರವಾಗಿ ಬರೆಯಿರಿ. ಮುಂಬಯಿ ಕಾಲದಲ್ಲಿ ಇಲ್ಲಿ ಮರಾಠಿ ಶಾಲೆಗಳಿದ್ದವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ, ಮಕ್ಕಳ ಕಾಲಕ್ಕೆ ಕನ್ನಡ ಅಂತ ಬದುಕಿದ ಅಜ್ಜ ಅಜ್ಜಿಯರು ಬೇಕಾದಷ್ಟು ಜನ. ಅವರನ್ನು ಇವತ್ತಿನ ಬಾವುಟ ಹಿಡಿದು ಅಳೆಯಬೇಡಿ. ಯಾರಾದರೂ "ನಾವು ಯಾವ ಕಡೆಯವರು ಅಂತ ಬರೀತೀರಿ" ಅಂತ ಕೇಳಿದರೆ, ನೀವು ಹೇಳಿದ್ದನ್ನೇ ಬರೆಯುತ್ತೇನೆ ಅನ್ನಿ, ಹಾಗೆಯೇ ಬರೆಯಿರಿ.

ಹತ್ತಿರದ ಕಾಲದ್ದು ಇತಿಹಾಸ ಅಲ್ಲ ಅಂತ ಬಿಟ್ಟುಬಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಾರವಾರದ ದಕ್ಷಿಣಕ್ಕೆ ಅರಗಾದಲ್ಲಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಈ ನಡುವೆ ಹಳ್ಳಿಗಳೇ ಎದ್ದು ಬೇರೆಡೆಗೆ ಹೋದವು. ಅಲ್ಲಿದ್ದ ಬಾವಿ, ಕಟ್ಟೆ, ಚೌಡಿ ಕಲ್ಲುಗಳ ಹೆಸರು ಗೊತ್ತಿದ್ದವರಿಂದ ಈಗಲೇ ಬರೆಸಿಕೊಳ್ಳಿ. 2018ರಲ್ಲಿ ಗೋವಾ ಸರ್ಕಾರ ಹೊರಗಿನ ಮೀನನ್ನು ತಡೆದಾಗ ಕಾರವಾರದ ಮೀನು ವ್ಯಾಪಾರಕ್ಕೆ ಬಿದ್ದ ಪೆಟ್ಟು, 2020ರ ಕೊರೊನಾ ಕಾಲದಲ್ಲಿ ಮಾಜಾಳಿ ಗಡಿ ಮುಚ್ಚಿದಾಗ ಆ ಕಡೆ ದುಡಿಯಲು ಹೋದವರು ಪಟ್ಟ ಪಾಡು, ಇವೂ ಆ ಗೆರೆಯ ಕಥೆಯೇ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತು. ಚಾಲಕನನ್ನು ಬದುಕಿಸಿದವರಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಆ ರಾತ್ರಿ ಹೊಳೆಗೆ ಇಳಿದವರ ಮಾತನ್ನು ನೆನಪು ಹಸಿಯಾಗಿರುವಾಗಲೇ ರೆಕಾರ್ಡ್ ಮಾಡಿಕೊಳ್ಳಿ, ಅಂದಿನ ಪತ್ರಿಕೆಗಳ ಪುಟ ಎತ್ತಿಡಿ.

ಬರೆಯಲು ಕೂತಾಗ ಇಸವಿಯ ಕ್ರಮದಲ್ಲೇ ಹೋಗಬೇಕು ಅಂತಿಲ್ಲ. ಹೊಳೆ ದಾಟುವುದು, ಮದುವೆ, ಮೀನು, ಶಾಲೆ, ದೇವರು ಹೀಗೆ ಒಂದೊಂದನ್ನೇ ಹಿಡಿದು ಬರೆದರೆ ಓದುವವರಿಗೆ ಹಿಡಿಸುತ್ತದೆ, ಗೆರೆಯ ಹಾಳೆಯನ್ನು ಮೊದಲ ಪುಟದಲ್ಲಿ ಹಾಕಿದರಾಯಿತು. ಪ್ರತಿ ಇಸವಿಗೂ ಎರಡು ಕಡೆಯ ಆಧಾರ ನೋಡಿ, ಸಿಗದಿದ್ದರೆ ಆ ಇಸವಿ ಬಿಡಿ. ಕಳ್ಳಸಾಗಣೆಯ ಕಥೆಗಳು ರಸವತ್ತಾಗಿರುತ್ತವೆ, ಹೆಸರು ಹಾಕಬೇಡಿ, ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಜಾತಿಯ ಹೆಸರು ಬರೆಯುವಾಗ ಆ ಜನ ತಮ್ಮನ್ನು ತಾವು ಹೇಗೆ ಕರೆದುಕೊಳ್ಳುತ್ತಾರೋ ಹಾಗೇ ಬರೆಯಿರಿ. ಗ್ಯಾಝೆಟಿಯರ್‌ನಲ್ಲಿ ಇರುವ ಅವಮಾನದ ಮಾತುಗಳನ್ನು ಎತ್ತಿ ತರಬೇಡಿ.

ಅಚ್ಚಿಗೆ ಕೊಡುವ ಮುಂಚೆ ಮಾತು ಹೇಳಿದವರ ಮನೆಗೆ ಹೋಗಿ ಅವರ ಭಾಗವನ್ನು ಓದಿ ಹೇಳಿ, ಕೊಂಕಣಿಯಲ್ಲಿ ಹೇಳಿದವರಿಗೆ ಕೊಂಕಣಿಯಲ್ಲೇ ಹೇಳಿ. ತೆಗೆಯಿರಿ ಅಂದರೆ ತೆಗೆಯಿರಿ. ಪುಸ್ತಕ ಬಂದ ಮೇಲೆ ಅವರಿಗೊಂದು ಪ್ರತಿ, ಊರ ಶಾಲೆಗೊಂದು, ಪಂಚಾಯತಿ ಗ್ರಂಥಾಲಯಕ್ಕೊಂದು, ಕಾಣಕೋಣದ ಕಡೆಯ ನೆಂಟರಿಗೂ ಒಂದು. ರೆಕಾರ್ಡಿಂಗ್ ಮತ್ತು ಫೋಟೋಗಳನ್ನು ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿಡಿ. ನಮ್ಮ ಮಳೆಗಾಲದ ತೇವಕ್ಕೆ ಪೆನ್‌ಡ್ರೈವ್‌ಗಳೂ ಕೆಡುತ್ತವೆ.